ಗ್ರಹಣದ ದಿನ ಶಾಲೆಯ ಬಾಗಿಲು ತೆರೆದಿರಲಿ: ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಸಚಿವರಿಗೆ,

ನಮಸ್ಕಾರಗಳು.

2027ರ ಆಗಸ್ಟ್ 2 ಸೋಮವಾರ. ಅಂದು ಈಜಿಪ್ಟಿನ ಲಕ್ಸರ್ ಪಟ್ಟಣದ ಸುತ್ತಮುತ್ತ ಆರು ನಿಮಿಷಕ್ಕೂ ಹೆಚ್ಚು ಕಾಲ ಹಗಲಿನಲ್ಲೇ ಕತ್ತಲೆ ಕವಿಯಲಿದೆ. ನಮ್ಮ ಪಾಲಿಗೆ ಬರುವುದು ಆ ನೆರಳಿನ ಸೆರಗು ಮಾತ್ರ. ಹೊತ್ತು ಇಳಿದ ಮೇಲೆ ಚಂದ್ರ ಸೂರ್ಯನ ಒಂದು ಅಂಚನ್ನು ಮರೆಮಾಡಿ ಸಂಜೆಯೊಳಗೆ ಬಿಟ್ಟುಬಿಡುತ್ತಾನೆ. ಸೋಮವಾರವೆಂದರೆ ಶಾಲೆಯ ದಿನ. ಈ ಪತ್ರ ಆ ಒಂದು ದಿನದ ಬಗ್ಗೆ.

ಇಷ್ಟು ಮುಂಚಿತವಾಗಿ ಯಾಕೆ ಎಂದು ತಾವು ಕೇಳಬಹುದು. ಚಂದ್ರನ ನೆರಳು ಗಂಟೆಗೆ ಸಾವಿರಾರು ಕಿಲೋಮೀಟರ್ ಓಡುತ್ತದೆ. ಇಲಾಖೆಯ ಕಡತ ಒಂದು ಮೇಜಿನಿಂದ ಪಕ್ಕದ ಮೇಜಿಗೆ ಹೋಗುವ ವೇಗವನ್ನೂ ಮೂವತ್ತು ವರ್ಷ ನೋಡಿದ್ದೇನೆ. ಬೇಗ ಬರೆಯುವುದೇ ಕ್ಷೇಮ.

ನಾನು ನಿವೃತ್ತ ವಿಜ್ಞಾನ ಶಿಕ್ಷಕ. ಅನುದಾನಿತ ಪ್ರೌಢಶಾಲೆಯೊಂದರಲ್ಲಿ ಭೌತಶಾಸ್ತ್ರ ಮತ್ತು ಗಣಿತ ಕಲಿಸಿದವನು. ಹುಟ್ಟಿದ್ದು ಅಂಕೋಲಾ ತಾಲ್ಲೂಕಿನ ಹಳ್ಳಿಯಲ್ಲಿ, ಅರ್ಚಕರ ಮನೆಯಲ್ಲಿ. ಇಂದಿಗೂ ಬೆಳಿಗ್ಗೆ ಮಿಂದು ಮನೆದೇವರಿಗೆ ನೀರು ಹೊಯ್ದು, ಗಂಧ ತೇಯ್ದು, ಎರಡು ದಾಸವಾಳ ಇಟ್ಟ ಮೇಲೆಯೇ ನನಗೆ ಚಹಾ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲವಾದರೆ ಪತ್ರ ಮುಗಿಯುವ ಮೊದಲೇ ಕೆಲವರು ನನ್ನನ್ನು ನಾಸ್ತಿಕರ ಪಟ್ಟಿಗೆ ಸೇರಿಸಿ ಕುಳಿತಿರುತ್ತಾರೆ. ನನ್ನ ವಿಚಾರವಾದಿ ಗೆಳೆಯರ ಪಟ್ಟಿಯಲ್ಲಿ ನಾನು ಮೂಢ. ಎರಡೂ ಕಡೆಯ ಬೈಗುಳ ಅಭ್ಯಾಸವಾಗಿದೆ.

ನಾನು ಕಾಣದೇ ಹೋದ ಗ್ರಹಣದಿಂದ ಶುರು ಮಾಡುತ್ತೇನೆ. 1980ರ ಫೆಬ್ರವರಿ 16, ಶನಿವಾರ. ಪೂರ್ಣ ಸೂರ್ಯಗ್ರಹಣದ ನೆರಳು ಅರಬ್ಬೀ ಸಮುದ್ರದಿಂದ ನಮ್ಮ ಅಂಕೋಲೆಯ ದಡ ಹತ್ತಿ, ಘಟ್ಟ ದಾಟಿ, ಹುಬ್ಬಳ್ಳಿಯ ಕಡೆಯಿಂದ ರಾಯಚೂರಿನತ್ತ ಹೋಯಿತು. ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಭಾರತೀಯ ಖಭೌತ ಸಂಸ್ಥೆಯವರು ದೂರದರ್ಶಕಗಳನ್ನು ಹೂಡಿ ಕಾದಿದ್ದರು. ಅದೇ ನೆರಳು ನಮ್ಮ ಮನೆಯ ಅಂಗಳಕ್ಕೆ ಕಾಸು ಖರ್ಚಿಲ್ಲದೆ ಬಂದಿತ್ತು. ನಾನು ಅಡುಗೆಮನೆಯೊಳಗೆ ಕುಳಿತಿದ್ದೆ.

ಆಗ ನನಗೆ ಹದಿನೈದು. ಶನಿವಾರದ ಬೆಳಗಿನ ಶಾಲೆ ಮುಗಿಸಿ ಬಂದಾಗ ಅಜ್ಜಿ ಕಿಟಕಿಗಳಿಗೆ ಗೋಣಿತಾಟು ತುರುಕುತ್ತಿದ್ದಳು. ಹಾಲು, ಮೊಸರು, ಉಪ್ಪಿನಕಾಯಿ ಭರಣಿ, ಎಲ್ಲದರ ಮೇಲೂ ದರ್ಭೆಯ ಎಸಳು. ಅಪ್ಪಯ್ಯ ದೇವರ ಕೋಣೆಯಲ್ಲಿ ಜಪಕ್ಕೆ ಕುಳಿತಿದ್ದರು. ನನ್ನ ಪಾಟೀಚೀಲದಲ್ಲಿ ವಿಜ್ಞಾನದ ಪುಸ್ತಕವಿತ್ತು. ಅದರಲ್ಲಿ ಸೂರ್ಯ, ಚಂದ್ರ, ಭೂಮಿ ಒಂದೇ ಗೆರೆಯಲ್ಲಿ ನಿಂತ ಚಿತ್ರವಿತ್ತು. ಆ ಚಿತ್ರವನ್ನು ನಾನು ಎರಡು ವಾರದ ಹಿಂದಷ್ಟೇ ಪರೀಕ್ಷೆಯಲ್ಲಿ ಬರೆದು ಐದಕ್ಕೆ ಐದು ತೆಗೆದುಕೊಂಡಿದ್ದೆ.

ಗ್ರಹಣ ಹಿಡಿದು ಅರ್ಧ ಗಂಟೆ ಕಳೆದಿರಬೇಕು. ಸಗಣಿ ಸಾರಿಸಿದ ನೆಲದ ಮೇಲೆ ದಿನವೂ ಬೀಳುತ್ತಿದ್ದ ಬೆಳಕಿನ ಬಿಲ್ಲೆ ಕಣ್ಣಿಗೆ ಬಿತ್ತು. ಮಾಡಿನ ಹಂಚು ಒಂದು ಕಡೆ ಸರಿದು ಅಲ್ಲಿ ಸಣ್ಣ ಸಂದು ಆಗಿತ್ತು. ಮಳೆಗಾಲದೊಳಗೆ ಕೈಯಾಡಿಸಬೇಕು ಎಂದು ಆಯಿ ಹೇಳುತ್ತಲೇ ಇದ್ದಳು. ಆ ಸಂದಿನಿಂದ ದಿನವೂ ನಾಲ್ಕಾಣೆಯಷ್ಟು ದುಂಡಗಿನ ಬೆಳಕು ಒಲೆಯ ಪಕ್ಕ ಬೀಳುತ್ತಿತ್ತು. ಅವತ್ತು ಅದು ದುಂಡಗಿರಲಿಲ್ಲ. ಯಾರೋ ದೋಸೆಯ ಅಂಚು ಮುರಿದು ತಿಂದ ಹಾಗೆ ಒಂದು ಬದಿ ಇರಲಿಲ್ಲ.

ನಾನು ಬಗ್ಗಿ ನೋಡಿದೆ. ಅಜ್ಜಿಯೂ ನೋಡಿದಳು. ನೋಡಿದವಳೇ ಗೋಡೆಯ ಮೊಳೆಗೆ ತೂಗುಹಾಕಿದ್ದ ಮೊರವನ್ನು ತೆಗೆದು ಅದರ ಮೇಲೆ ಕವುಚಿದಳು. ಬೆಳಕು ಮೊರದ ಬೆನ್ನಿನ ಮೇಲೆ ಬಂದು ಕುಳಿತುಕೊಂಡಿತು. ಅಜ್ಜಿ ಮೊರವನ್ನು ಸರಿಸಿದಳು, ಬೆಳಕು ನೆಲಕ್ಕೆ ಬಿತ್ತು. ಮತ್ತೆ ಮುಚ್ಚಿದಳು, ಮತ್ತೆ ಮೊರದ ಮೇಲೆ ಬಂತು. ಕಿಟಕಿ, ಬಾಗಿಲು, ಭರಣಿ ಎಲ್ಲಕ್ಕೂ ಮುಚ್ಚಳ ಹಾಕಿದ ಹೆಂಗಸು ಕೊನೆಗೆ ಸೋತು, ಸೆರಗಿನಿಂದ ನನ್ನ ಕಣ್ಣು ಮುಚ್ಚಿದಳು. ಮೂರೂವರೆ ದಾಟಿದ ಮೇಲೆ ಸೆರಗಿನ ಆಚೆಯೂ ಕತ್ತಲೆಯಾಯಿತು. ಕಾಗೆಗಳು ಒಮ್ಮೆ ಕೂಗಿ ಸುಮ್ಮನಾದವು. ಕೊಟ್ಟಿಗೆಯಲ್ಲಿ ಕರು ಅಂಬಾ ಎಂದಿತು. ಎರಡೂವರೆ ನಿಮಿಷಕ್ಕೂ ಹೆಚ್ಚು ಹೊತ್ತು ನಮ್ಮ ಮನೆಯ ಮೇಲೆ ಸೂರ್ಯನ ಕಿರೀಟ ಹರಡಿಕೊಂಡಿತ್ತು. ನಾನು ಹತ್ತಿ ಸೀರೆಯ ಒಗ್ಗರಣೆ ವಾಸನೆಯೊಳಗೆ ಇದ್ದೆ.

ಅಜ್ಜಿಯ ಮೇಲೆ ನನಗೆ ಸಿಟ್ಟಿಲ್ಲ. ಅವಳು ಮುಚ್ಚಿದ್ದು ಪ್ರೀತಿಯಿಂದ. ಭಾರತದ ನೆಲದ ಮೇಲೆ ಮತ್ತೆ ಪೂರ್ಣ ಸೂರ್ಯಗ್ರಹಣ ಬಂದಾಗ, 1995ರಲ್ಲಿ, 1999ರಲ್ಲಿ, 2009ರಲ್ಲಿ, ಅದು ಉತ್ತರದ ಕಡೆ ಹಾದುಹೋಯಿತು. ನನಗೆ ರಜೆ, ರೈಲು, ದುಡ್ಡು ಮೂರೂ ಒಟ್ಟಿಗೆ ಕೂಡಿಬರಲಿಲ್ಲ. ಮುಂದಿನದು 2034ರ ಮಾರ್ಚ್ 20ಕ್ಕೆ, ಕಾಶ್ಮೀರ ಮತ್ತು ಲಡಾಖಿನ ಕಡೆ. ಆಗ ನನ್ನ ಮೊಣಕಾಲು ಒಪ್ಪುತ್ತದೆಯೋ ಇಲ್ಲವೋ. ಮನೆಯಂಗಳಕ್ಕೆ ಬಂದದ್ದನ್ನು ಬಿಟ್ಟವನು ನಾನು.

ಇನ್ನು ಅಪ್ಪಯ್ಯನ ವಿಷಯ. ಅವರು ದಿನವೂ ಬಗ್ಗೋಣ ಪಂಚಾಂಗ ನೋಡುತ್ತಿದ್ದರು. ಅದರಲ್ಲಿ ಗ್ರಹಣದ ಸ್ಪರ್ಶ, ಮಧ್ಯ, ಮೋಕ್ಷ ಕಾಲಗಳು ಗಂಟೆ ನಿಮಿಷದ ಲೆಕ್ಕದಲ್ಲಿ ಇರುತ್ತವೆ. ಬಿಎಸ್ಸಿ ಓದುವಾಗ ನನಗೊಂದು ವಿಷಯ ತಿಳಿಯಿತು. ಚಂದ್ರನ ಹಾದಿ ಭೂಮಿಯ ಹಾದಿಗೆ ಸುಮಾರು ಐದು ಡಿಗ್ರಿ ಓರೆಯಾಗಿದೆ. ಅದಕ್ಕಾಗಿಯೇ ಪ್ರತಿ ಅಮಾವಾಸ್ಯೆಗೂ ಗ್ರಹಣವಾಗುವುದಿಲ್ಲ. ಎರಡು ಹಾದಿಗಳು ಒಂದನ್ನೊಂದು ದಾಟುವ ಎರಡು ಜಾಗಗಳಿವೆ. ಅಮಾವಾಸ್ಯೆ ಆ ಜಾಗದ ಹತ್ತಿರ ಬಂದರಷ್ಟೇ ಸೂರ್ಯಗ್ರಹಣ. ನಮ್ಮ ಜ್ಯೋತಿಷ್ಯದ ಗಣಿತದಲ್ಲಿ ಆ ಎರಡು ಜಾಗಗಳಿಗೇ ರಾಹು, ಕೇತು ಎಂದು ಹೆಸರು. ಪಂಚಾಂಗದ ರಾಹು ಲೆಕ್ಕದಲ್ಲೊಂದು ಬಿಂದು. ಅದಕ್ಕೆ ಹೊಟ್ಟೆಯಿಲ್ಲ, ಬಾಯಿಯಿಲ್ಲ.

ಕಾಲೇಜಿನಿಂದ ರಜೆಗೆ ಬಂದವನು ಇದನ್ನು ಅಪ್ಪಯ್ಯನಿಗೆ ಹೇಳಿದೆ. ದೊಡ್ಡ ಗುಟ್ಟು ಒಡೆದಂತೆ ಹೇಳಿದೆ. ಅವರು ಎಲೆ ಅಡಿಕೆ ಜಗಿಯುತ್ತಾ ಕೇಳಿಸಿಕೊಂಡು, “ಗೊತ್ತು ಮಾರಾಯ. ಗಣಿತ ಮಾಡುವಾಗ ಬಿಂದು, ಮಂತ್ರ ಹೇಳುವಾಗ ಸರ್ಪ” ಎಂದರು.

ಆ ಮಾತು ನನಗೆ ಎಷ್ಟು ಹಿಡಿಸಿತೆಂದರೆ ಮುಂದೆ ಇಪ್ಪತ್ತೈದು ವರ್ಷ ಅದರ ಮೇಲೆಯೇ ಬದುಕಿದೆ. ತರಗತಿಯಲ್ಲಿ ಬಿಂದು, ಮನೆಯಲ್ಲಿ ಸರ್ಪ. ಮಧ್ಯಾಹ್ನ ಕಪ್ಪುಹಲಗೆಯ ಮೇಲೆ ನೆರಳಿನ ಶಂಕು ಬಿಡಿಸಿ, ಸಂಜೆ ಮನೆಗೆ ಬಂದು ಕುಡಿಯುವ ನೀರಿಗೆ ದರ್ಭೆ ಹಾಕುತ್ತಿದ್ದೆ. ಇದರಲ್ಲಿ ನನಗೆ ಯಾವ ಮುಜುಗರವೂ ಇರಲಿಲ್ಲ. ಒಂದು ಮನೆಗೆ ಎರಡು ಕೋಣೆ ಇದ್ದರೆ ತಪ್ಪೇನು ಎಂದು ವಾದಿಸುತ್ತಿದ್ದೆ.

ನನಗಿಂತ ಹದಿಮೂರು ಶತಮಾನ ಹಿಂದೆ ಒಬ್ಬ ಮಹಾ ಗಣಿತಜ್ಞನೂ ಹೀಗೇ ಮಾಡಿದ್ದ ಎಂದು ಆಮೇಲೆ ತಿಳಿಯಿತು. 499ರಲ್ಲಿ ಆರ್ಯಭಟ ಒಂದೇ ಸಾಲಿನಲ್ಲಿ ಗ್ರಹಣದ ಕಥೆ ಮುಗಿಸಿದ್ದ: “ಛಾದಯತಿ ಶಶೀ ಸೂರ್ಯಂ ಶಶಿನಂ ಮಹತೀ ಚ ಭೂಚ್ಛಾಯಾ”. ಚಂದ್ರ ಸೂರ್ಯನನ್ನು ಮುಚ್ಚುತ್ತಾನೆ, ಭೂಮಿಯ ದೊಡ್ಡ ನೆರಳು ಚಂದ್ರನನ್ನು ಮುಚ್ಚುತ್ತದೆ. 628ರಲ್ಲಿ ಬ್ರಹ್ಮಗುಪ್ತ ಬಂದ. ಶೂನ್ಯದ ಜೊತೆ ಲೆಕ್ಕ ಮಾಡುವ ನಿಯಮ ಬರೆದ ಬ್ರಹ್ಮಗುಪ್ತ. ಅವನೂ ಗ್ರಹಣವನ್ನು ನೆರಳಿನಿಂದಲೇ ಲೆಕ್ಕ ಹಾಕಿದ. ಆದರೆ ರಾಹುವನ್ನು ಒಪ್ಪದವರು ಶ್ರುತಿಸ್ಮೃತಿಗಳಿಗೆ ಹೊರಗಾದವರು ಎಂದು ಆಕ್ಷೇಪಿಸಿದ. ಹನ್ನೊಂದನೆಯ ಶತಮಾನದಲ್ಲಿ ಇದನ್ನು ಓದಿದ ಮಧ್ಯ ಏಷ್ಯಾದ ವಿದ್ವಾಂಸ ಅಲ್‌ಬೇರೂನಿ ತಲೆ ಚಚ್ಚಿಕೊಂಡ. ಇಷ್ಟು ಬಲ್ಲವನು ಹೀಗೇಕೆ ಬರೆದ ಎಂದು ಕೇಳಿ, ಸಾಕ್ರಟೀಸನಿಗೆ ಬಂದ ಗತಿ ತನಗೂ ಬಂದೀತೆಂಬ ಅಳುಕು ಇದ್ದಿರಬೇಕು ಎಂದು ತಾನೇ ಊಹಿಸಿದ.

ಬ್ರಹ್ಮಗುಪ್ತನಿಗೆ ಅಳುಕು ಇತ್ತೋ ಶ್ರದ್ಧೆಯೇ ಇತ್ತೋ, ನ್ಯಾಯ ಹೇಳಲು ನಾನು ಯಾರು. ನನ್ನ ಅಳುಕು ಮಾತ್ರ ನನಗೆ ಚೆನ್ನಾಗಿ ಗೊತ್ತು. ಅದರ ದಿನಾಂಕ ಕೂಡ ಗೊತ್ತು.

2019ರ ಡಿಸೆಂಬರ್ 26, ಗುರುವಾರ, ಕಂಕಣ ಸೂರ್ಯಗ್ರಹಣ. ಮಂಗಳೂರು, ಕೊಡಗಿನ ಕುಟ್ಟ, ಆಚೆ ಕಾಸರಗೋಡು ಜಿಲ್ಲೆಯ ಚೆರುವತ್ತೂರು ಇವೆಲ್ಲ ಉಂಗುರ ಕಾಣುವ ಪಟ್ಟಿಯಲ್ಲಿದ್ದವು. ನಮ್ಮ ಶಾಲೆಯಿದ್ದ ಕಡೆ ಉಂಗುರ ಇಲ್ಲ, ದಪ್ಪ ಬಳೆ ಮುರಿದ ಹಾಗೆ ಒಂದು ಚೂರು. ಅದೂ ಸಾಕಾಗಿತ್ತು. ಬೆಳಿಗ್ಗೆ ಎಂಟರ ನಂತರ ಹಿಡಿದು ಹನ್ನೊಂದರ ಹೊತ್ತಿಗೆ ಬಿಡುವ ಗ್ರಹಣ, ಶಾಲೆಯ ವೇಳೆಗೆ ಹೇಳಿ ಮಾಡಿಸಿದ ಹಾಗೆ. ನನ್ನ ಕೈಯಿಂದ ಹಣ ಹಾಕಿ ನಲವತ್ತು ಗ್ರಹಣ ಕನ್ನಡಕ ತರಿಸಿ ಪ್ರಯೋಗಶಾಲೆಯ ಕಪಾಟಿನಲ್ಲಿ ಇಟ್ಟಿದ್ದೆ. ಮಕ್ಕಳಿಗೆ ಸರದಿ ಹಚ್ಚಿ ಕೊಟ್ಟಿದ್ದೆ.

ಎರಡು ದಿನ ಮೊದಲು ಆಡಳಿತ ಮಂಡಳಿಯ ಹಿರಿಯರೊಬ್ಬರು ಕರೆಸಿದರು. ಒಳ್ಳೆಯ ಮನುಷ್ಯರೇ. “ಮಾಸ್ತರೇ, ನೀವು ತಿಳಿದವರು. ಮಕ್ಕಳ ಕಣ್ಣಿಗೆ ಏನಾದರೂ ಆದರೆ ಯಾರು ಹೊಣೆ? ಅವತ್ತು ಹೇಗೂ ಬಿಸಿಯೂಟ ಯಾರೂ ಉಣ್ಣುವುದಿಲ್ಲ, ಅಡುಗೆಯವರೂ ಬರುವುದಿಲ್ಲ ಎನ್ನುತ್ತಿದ್ದಾರೆ. ಒಂದು ಸ್ಥಳೀಯ ರಜೆ ಕೊಟ್ಟುಬಿಡೋಣ, ಶನಿವಾರ ತುಂಬಿಸಿಕೊಳ್ಳೋಣ” ಎಂದರು. ಕನ್ನಡಕ ತಂದಿದ್ದೇನೆ ಎಂದು ಹೇಳಬಹುದಿತ್ತು. ಕನ್ನಡಕ ಬೇಡವಾದರೆ ಗೋಡೆಯ ಮೇಲೆ ಬಿಂಬ ಬೀಳಿಸಿ ತೋರಿಸುತ್ತೇನೆ, ಯಾವ ಮಗುವೂ ಸೂರ್ಯನತ್ತ ತಲೆಯೆತ್ತಬೇಕಿಲ್ಲ ಎನ್ನಬಹುದಿತ್ತು. ನಿವೃತ್ತಿಗೆ ಇನ್ನೂ ಕೆಲವು ವರ್ಷವಿತ್ತು. “ಆಯಿತು” ಎಂದೆ.

ಗ್ರಹಣದ ಮರುದಿನ ಎಂಟನೆಯ ತರಗತಿಯ ಒಬ್ಬ ಹುಡುಗಿ ವರಾಂಡದಲ್ಲಿ ನಿಲ್ಲಿಸಿ ಕೇಳಿದಳು: “ಸರ್, ಗ್ರಹಣದ ಪಾಠ ಪರೀಕ್ಷೆಗೆ ಮಾತ್ರವಾ?”

ನಾನು ಗಂಟೆ ಹೊಡೆಯಿತು ಎಂದು ಹೇಳಿ ನಡೆದೆ. ಗಂಟೆ ಹೊಡೆದಿರಲಿಲ್ಲ.

ಅದೇ ದಿನದ ಪತ್ರಿಕೆಗಳಲ್ಲಿ ಕಲಬುರಗಿ ಹತ್ತಿರದ ತಾಜಸುಲ್ತಾನಪುರದ ಸುದ್ದಿ ಇತ್ತು. ಅಂಗವೈಕಲ್ಯ ವಾಸಿಯಾಗುತ್ತದೆಂದು ನಂಬಿ, ಗ್ರಹಣದ ಹೊತ್ತಿಗೆ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹುಗಿದಿದ್ದರು. ಚಿತ್ರವನ್ನು ತಾವೂ ನೋಡಿರುತ್ತೀರಿ. ಮಣ್ಣಿನ ಮೇಲೆ ತಲೆ ಮಾತ್ರ. ಆ ತಂದೆತಾಯಿಗಳನ್ನು ಬೈಯುವುದು ಸುಲಭ. ಮಗು ನಡೆಯಲಿ ಎಂದು ಎಲ್ಲ ಬಾಗಿಲು ತಟ್ಟಿ ಬಂದವರು ಅವರು. ನನ್ನನ್ನು ಕಾಡಿದ್ದು ಬೇರೆ. ಅಪ್ಪಯ್ಯನ ಎರಡು ಕೋಣೆಗಳ ತತ್ವ ಅಪ್ಪಯ್ಯನಿಗೆ ಸರಿಹೊಂದಿತ್ತು, ಯಾಕೆಂದರೆ ಅವರ ಬಳಿ ಎರಡೂ ಕೋಣೆಯ ಬೀಗದ ಕೈ ಇತ್ತು. ಆ ಮಕ್ಕಳಿಗೆ, ಅವರ ತಾಯಂದಿರಿಗೆ ಸಿಕ್ಕಿದ್ದು ಒಂದೇ ಕೋಣೆ. ಇನ್ನೊಂದು ಕೋಣೆ ಇದೆ ಎಂದು ತೋರಿಸಬೇಕಾದವನಿಗೆ ಸಂಬಳ ಬರುತ್ತಿತ್ತು. ಅವನು ಅವತ್ತು ರಜೆ ಹಾಕಿದ್ದ.

ಅಪ್ಪಯ್ಯನಾದರೂ ಹೇಗೆ ನಡೆದುಕೊಳ್ಳುತ್ತಿದ್ದರು ಎಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಗ್ರಹಣ ಬಂತೆಂದರೆ ಊರಿನವರು ದೇವಸ್ಥಾನದ ಜಗಲಿಗೆ ಬಂದು ಕೇಳುತ್ತಿದ್ದರು. ಸಕ್ಕರೆ ಕಾಯಿಲೆಯ ಒಬ್ಬ ಗೌಡರು ಮಾತ್ರೆ ತಪ್ಪಿಸಬೇಕೇ ಎಂದರೆ, “ನೀವು ಮಾತ್ರೆಯನ್ನೂ ತೆಗೆದುಕೊಳ್ಳಿ, ಊಟವನ್ನೂ ಮಾಡಿ. ದೇವರಿಗೆ ನಾನು ಹೇಳಿಕೊಳ್ಳುತ್ತೇನೆ” ಎನ್ನುತ್ತಿದ್ದರು. ಬಸುರಿ ಸೊಸೆಗೆ ನೀರು ಕೊಡಬಹುದೇ ಎಂದು ಕೇಳಿದ ಅತ್ತೆಗೆ, “ನೀರು ಕೊಡದಿದ್ದರೆ ಆ ಪಾಪ ಯಾವ ಗ್ರಹಣ ಸ್ನಾನಕ್ಕೂ ಹೋಗುವುದಿಲ್ಲ” ಎಂದು ಗದರಿದ್ದನ್ನು ನಾನೇ ಕೇಳಿದ್ದೇನೆ. ಪಂಚಾಂಗವೂ ಬಾಲ, ವೃದ್ಧ, ಆತುರರಿಗೆ, ಅಂದರೆ ಮಕ್ಕಳು, ಮುದುಕರು, ಕಾಯಿಲೆಯವರಿಗೆ, ಗ್ರಹಣಕ್ಕೆ ಮೊದಲೇ ಹಿಡಿಯುವ ವೇಧದ ಉಪವಾಸದಲ್ಲಿ ಸಡಿಲಿಕೆ ಕೊಡುತ್ತದೆ. ಶಾಸ್ತ್ರ ಮಕ್ಕಳಿಗೆ ಊಟ ಕೊಡು ಎನ್ನುತ್ತಿರುವಾಗ ಶಾಲೆ ಪಾತ್ರೆ ಕವುಚಿಡುತ್ತದೆ. ಇದು ಯಾವ ಧರ್ಮವೋ ನನಗೆ ತಿಳಿಯದು.

ಅಪ್ಪಯ್ಯನ ಜಗಲಿಯ ಜಾಗಕ್ಕೆ ಈಗ ಟಿವಿ ಬಂದಿದೆ. 2025ರ ಸೆಪ್ಟೆಂಬರ್ 7ರ ರಾತ್ರಿ ಪೂರ್ಣ ಚಂದ್ರಗ್ರಹಣ. ಚಂದ್ರ ಹುಣಿಸೆಹಣ್ಣಿನ ಬಣ್ಣಕ್ಕೆ ತಿರುಗಿ ನಮ್ಮ ಬೀದಿಯ ಮೇಲೆ ತೂಗುತ್ತಿದ್ದರೆ, ಬೀದಿಯ ಮನೆಗಳಲ್ಲಿ ಅದೇ ಚಂದ್ರನ ಬಗ್ಗೆ ಹನ್ನೆರಡು ರಾಶಿಗಳ ಗಂಡಾಂತರ ಬಿತ್ತರವಾಗುತ್ತಿತ್ತು. ನಡುವೆ ಜಾಹೀರಾತು. ಜಗಲಿಯ ಅರ್ಚಕನಿಗೆ ಎದುರು ಕುಳಿತವನ ಮುಖ ಕಾಣುತ್ತದೆ, ಅವನ ಸಕ್ಕರೆ ಕಾಯಿಲೆ ಗೊತ್ತಿರುತ್ತದೆ. ಟಿವಿಗೆ ಯಾರ ಮುಖವೂ ಕಾಣುವುದಿಲ್ಲ. ಇದು ತಮ್ಮ ಇಲಾಖೆಯ ವ್ಯಾಪ್ತಿಗೆ ಬರುವ ವಿಷಯವಲ್ಲ, ಬಿಟ್ಟೆ.

ಒನಕೆಯ ಕಥೆಯನ್ನು ಮಾತ್ರ ಬಿಡಲಾರೆ. ಗ್ರಹಣದ ಹೊತ್ತಿನಲ್ಲಿ ನೀರು ತುಂಬಿದ ತಟ್ಟೆಯ ನಡುವೆ ಒನಕೆ ಯಾವ ಆಸರೆಯೂ ಇಲ್ಲದೆ ನಿಲ್ಲುತ್ತದೆ, ಗ್ರಹಣ ಬಿಟ್ಟ ಕೂಡಲೇ ಬೀಳುತ್ತದೆ ಎಂಬ ನಂಬಿಕೆ ನಮ್ಮ ಹಲವು ಊರುಗಳಲ್ಲಿದೆ. 2019ರ ಗ್ರಹಣದಲ್ಲೂ ನಿಲ್ಲಿಸಿದ್ದರು. ನನ್ನ ತರಗತಿಯ ಒಬ್ಬ ಹುಡುಗ ತನ್ನ ಮನೆಯಲ್ಲೇ ನಿಂತದ್ದನ್ನು ಕಣ್ಣಾರೆ ಕಂಡಿದ್ದ. ಆ ಹುಡುಗಿಗೆ ಉತ್ತರ ಕೊಡಲಾಗದ ಸಂಕಟ ನನ್ನ ಹೊಟ್ಟೆಯಲ್ಲಿ ಕುಳಿತಿತ್ತು. ಜನವರಿಯ ಒಂದು ಮಂಗಳವಾರ ಅದೇ ಒನಕೆಯನ್ನು ತರಲು ಹೇಳಿದೆ. ಅಮಾವಾಸ್ಯೆಯಲ್ಲ, ಹುಣ್ಣಿಮೆಯಲ್ಲ, ಸುಮ್ಮನೆ ಮಂಗಳವಾರ.

ಬಸ್ಸಿನ ಕಂಡಕ್ಟರರ ಹತ್ತಿರ ಬೈಸಿಕೊಂಡು ತಂದ. ಹಳೆಯ ಒನಕೆ, ಬಳಸಿ ಬಳಸಿ ನುಣುಪಾದದ್ದು, ತಳದಲ್ಲಿ ಕಬ್ಬಿಣದ ಅಣಸು. ಹರಿವಾಣಕ್ಕೆ ನೀರು ಹೊಯ್ದು ನಿಲ್ಲಿಸಿದೆವು. ಮೊದಲ ಸಲ ವಾಲಿತು, ಎರಡನೆಯ ಸಲ ಮುಂದಿನ ಬೆಂಚಿನ ಮೇಲೆ ಬಿದ್ದು ಎಲ್ಲರೂ ಚೀರಿದರು. ಮೂರನೆಯ ಸಲ ಹುಡುಗ ಉಸಿರು ಹಿಡಿದು, ಎರಡು ಬೆರಳಿನಲ್ಲಿ ತೂಕ ನೋಡಿ ಕೈಬಿಟ್ಟ. ನಿಂತಿತು. ನೀರು ಚೆಲ್ಲಿ ಬರಿಯ ಹರಿವಾಣದಲ್ಲಿ ನಿಲ್ಲಿಸಿದ. ನಿಂತಿತು. ಬರಿಯ ನೆಲದ ಮೇಲೂ ನಿಂತಿತು. ಅಣಸಿನ ತಳ ಸಪಾಟಾಗಿದ್ದು, ಒನಕೆಯ ಭಾರ ಆ ತಳದ ನೇರಕ್ಕೆ ಬಿದ್ದರೆ ಅದು ನಿಲ್ಲಲೇಬೇಕು. ಅದಕ್ಕೆ ಸೂರ್ಯಚಂದ್ರರ ಅಪ್ಪಣೆ ಬೇಡ.

ತರಗತಿ ಗದ್ದಲ ಮಾಡಿ ನಗುತ್ತಿದ್ದಾಗ ಒನಕೆ ತಂದ ಹುಡುಗ ನಗಲಿಲ್ಲ. “ಆದರೂ ಸರ್, ಗ್ರಹಣದ ದಿನ ನಿಂತಿದ್ದು ನಿಜವಲ್ಲವಾ? ನಮ್ಮ ಅಜ್ಜಿ ಸುಳ್ಳು ಹೇಳಿಲ್ಲ” ಎಂದ.

“ನಿಜ, ಸುಳ್ಳು ಹೇಳಿಲ್ಲ” ಎಂದೆ. “ಅಜ್ಜಿ ಕಂಡದ್ದು ನಿಜ. ಬೇರೆ ದಿನ ಯಾರೂ ನಿಲ್ಲಿಸಿ ನೋಡಲಿಲ್ಲ ಅಷ್ಟೇ.”

ಮೂವತ್ತು ವರ್ಷದ ಪಾಠದಲ್ಲಿ ವಿಜ್ಞಾನ ಎಂದರೇನು ಎಂದು ನಾನು ನಿಜವಾಗಿ ಕಲಿಸಿದ್ದು ಆ ನಲವತ್ತು ನಿಮಿಷ. ಉಳಿದದ್ದು ಪಠ್ಯಕ್ರಮ. ಅಂದು ಸಂಜೆ ಆ ಹುಡುಗ ಒನಕೆಯನ್ನು ಭುಜದ ಮೇಲಿಟ್ಟುಕೊಂಡು ಹೊರಟಾಗ ಅವನ ನಡಿಗೆಯಲ್ಲಿ ಅಜ್ಜಿಯ ಬಗ್ಗೆ ಅಗೌರವ ಇರಲಿಲ್ಲ. ಮನೆಗೆ ಹೋಗಿ ಅಜ್ಜಿಗೂ ನಿಲ್ಲಿಸಿ ತೋರಿಸಿದನಂತೆ. ಅಜ್ಜಿ, “ಹೌದಲ್ಲೋ” ಎಂದಳಂತೆ.

ಆ ತರಗತಿಯಲ್ಲೇ ಇನ್ನೊಬ್ಬಳು ಕೇಳಿದಳು, “ಸರ್, ಹಾಗಾದರೆ ನೀವು ದೇವರನ್ನು ನಂಬುತ್ತೀರಾ?” ನನ್ನ ಹಣೆಯಲ್ಲಿ ಬೆಳಗಿನ ಗಂಧ ಇನ್ನೂ ಇತ್ತು. ಅಂದು ಏನೋ ತೇಲಿಸಿ ಮಾತು ಮುಗಿಸಿದೆ. ಈಗ ನಿವೃತ್ತ, ಕಳೆದುಕೊಳ್ಳುವುದು ಹೆಚ್ಚಿಲ್ಲ. ತಮ್ಮ ಮೂಲಕ ಅವಳಿಗೆ ಉತ್ತರ ಕೊಡುತ್ತೇನೆ.

ಹೌದು ಮಗು, ಕೈಮುಗಿಯುತ್ತೇನೆ. ಕೆಲವು ವರ್ಷಗಳ ಹಿಂದೆ ನನ್ನ ಹೆಂಡತಿಗೆ ಶಸ್ತ್ರಚಿಕಿತ್ಸೆಯಾದಾಗ ಹೊರಗಿನ ಬೆಂಚಿನ ಮೇಲೆ ಕುಳಿತು ಮೂರು ಗಂಟೆ ಸ್ತೋತ್ರ ಹೇಳಿದೆ. ಯಾವ ಆಸ್ಪತ್ರೆ, ಯಾವ ವೈದ್ಯರು, ಅವರ ಅನುಭವ ಎಷ್ಟು ಎಂದು ಅದಕ್ಕೆ ಮೊದಲು ಒಂದು ತಿಂಗಳು ವಿಚಾರಿಸಿದ್ದೆ. ಆ ವಿಚಾರಣೆಯಲ್ಲಿ ಜಾತಕ ತೆಗೆಯಲಿಲ್ಲ. ಸ್ತೋತ್ರದಿಂದ ಅವಳು ಉಳಿದಳೇ? ಒನಕೆಯನ್ನು ಮಂಗಳವಾರ ಮತ್ತೊಮ್ಮೆ ನಿಲ್ಲಿಸಿ ನೋಡಬಹುದು. ಸ್ತೋತ್ರ ಇಲ್ಲದೆ ಆ ಮೂರು ಗಂಟೆಯನ್ನು ಮತ್ತೊಮ್ಮೆ ನಡೆಸಿ ನೋಡಲು ಬರುವುದಿಲ್ಲ. ಹಾಗಾಗಿ ಅದನ್ನು ಪುರಾವೆ ಎಂದು ಯಾರ ಮುಂದೆಯೂ ಇಡುವುದಿಲ್ಲ. ನನ್ನ ಕೈಕಾಲು ನಡುಗದ ಹಾಗೆ ಅದು ನೋಡಿಕೊಂಡಿತು. ನನ್ನ ಲೆಕ್ಕಕ್ಕೆ ಅಷ್ಟು ಸಾಕು. ನೆರಳು ಎಷ್ಟು ಗಂಟೆಗೆ ಬರುತ್ತದೆ, ಮಾತ್ರೆ ರಕ್ತದಲ್ಲಿ ಏನು ಮಾಡುತ್ತದೆ ಎಂದು ನಾನು ದೇವರ ಕೋಣೆಯಲ್ಲಿ ಕೇಳುವುದಿಲ್ಲ. ಹಾಗೆ ಕೇಳಿದರೆ ದೇವರಿಗೂ ಇಕ್ಕಟ್ಟು.

ಈ ಉತ್ತರ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರಿಗೆ ಒಪ್ಪಿಗೆಯಾಗುತ್ತಿರಲಿಲ್ಲ ಎಂದು ನನಗೆ ಗೊತ್ತು. ಅವರು 1976ರಲ್ಲಿ ಪವಾಡಗಳ ತನಿಖೆಗೆ ಸಮಿತಿ ರಚಿಸಿದವರು, ಪವಾಡ ಮಾಡುವವರು ಬಂದು ಎಲ್ಲರೆದುರು ಮಾಡಿ ತೋರಿಸಲಿ ಎಂದವರು. ಅವರ ಮಟ್ಟದ ಎದೆಗಾರಿಕೆ ನನಗಿಲ್ಲ. ಅವರು ಕೇಳಿದ್ದು ತೋರಿಸಿ ಎಂದು, ನಾನು ಕೇಳುತ್ತಿರುವುದು ನೋಡಲು ಬಿಡಿ ಎಂದು. ಅದೇ ವರ್ಷ ಸಂವಿಧಾನಕ್ಕೆ 42ನೇ ತಿದ್ದುಪಡಿಯಾಗಿ ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ಪ್ರತಿಯೊಬ್ಬ ಪ್ರಜೆಯ ಮೂಲಭೂತ ಕರ್ತವ್ಯವಾಯಿತು, ವಿಧಿ 51ಎ(ಎಚ್). ಪ್ರಶ್ನೆ ಕೇಳಿದವರು ಜೈಲಿನಲ್ಲಿದ್ದ ತುರ್ತು ಪರಿಸ್ಥಿತಿಯ ಕಾಲದಲ್ಲಿ ಪ್ರಶ್ನಿಸುವುದು ಕರ್ತವ್ಯವಾದದ್ದು ತಮಾಷೆಯೇ. ಇರಲಿ, ಒಳ್ಳೆಯ ಮಾತು ಯಾವ ಬಾಯಿಂದ ಬಂದರೂ ಒಳ್ಳೆಯದೇ.

ನಮ್ಮ ನೆಲಕ್ಕೆ ಗ್ರಹಣದ ಇತಿಹಾಸ ಕಡಿಮೆಯದೇನಲ್ಲ. 1868ರ ಆಗಸ್ಟ್ 18ರ ಪೂರ್ಣಗ್ರಹಣದ ನೆರಳು ವಿಜಯಪುರ, ಜಮಖಂಡಿಗಳ ಮೇಲೆ ಹಾದು ಗುಂಟೂರಿನ ಕಡೆ ಹೋಯಿತು. ಜಮಖಂಡಿಯಲ್ಲಿ ಹೆಸರಾಂತ ಹರ್ಷಲ್ ಮನೆತನದ ಲೆಫ್ಟಿನೆಂಟ್ ಜಾನ್ ಹರ್ಷಲ್, ಬೆಳಕನ್ನು ಬಣ್ಣಗಳಾಗಿ ಬಿಡಿಸಿ ತೋರಿಸುವ ರೋಹಿತದರ್ಶಕ ಹಿಡಿದು ಕಾದಿದ್ದ. ಗುಂಟೂರಿನಲ್ಲಿ ಫ್ರಾನ್ಸಿನ ಖಗೋಳ ವಿಜ್ಞಾನಿ ಜಾನ್ಸೆನ್ ಇದ್ದ. ಸೂರ್ಯನ ಅಂಚಿನ ಜ್ವಾಲೆಗಳ ಬೆಳಕಿನಲ್ಲಿ ಕಂಡ ಒಂದು ಹಳದಿ ಗೆರೆಯ ಜಾಡು ಹಿಡಿದು ಹೀಲಿಯಂ ಎಂಬ ಧಾತು ಪತ್ತೆಯಾಯಿತು. ಅದಕ್ಕೆ ಹೆಸರಿಟ್ಟ ಇಂಗ್ಲೆಂಡಿನ ಖಗೋಳ ವಿಜ್ಞಾನಿ ಲಾಕಿಯರ್ 1871ರ ಗ್ರಹಣಕ್ಕೆ ಆಗ ದಕ್ಷಿಣ ಕನ್ನಡಕ್ಕೆ ಸೇರಿದ್ದ ಬೇಕಲ ಕೋಟೆಗೇ ಬಂದ. ಜಾತ್ರೆಯ ಬಲೂನಿನಲ್ಲಿ ತುಂಬುವ ಅನಿಲದ ಕಥೆ ಜಮಖಂಡಿಯ ಆಕಾಶಕ್ಕೂ ಸೇರಿದ್ದು ಎಂದು ಅಲ್ಲಿನ ಎಷ್ಟು ಮಕ್ಕಳಿಗೆ ಹೇಳಿದ್ದೇವೆ?

ತಮ್ಮಿಂದ ನನಗೆ ಬೇಕಿರುವುದು ಒಂದು ಸುತ್ತೋಲೆ. 2027ರ ಆಗಸ್ಟ್ 2ರಂದು ಗ್ರಹಣದ ಕಾರಣಕ್ಕೆ ಯಾವ ಶಾಲೆಯೂ ಸ್ಥಳೀಯ ರಜೆ ಕೊಡಕೂಡದು, ಅಕ್ಷರ ದಾಸೋಹದ ಒಲೆ ಎಂದಿನಂತೆ ಉರಿಯಬೇಕು. ಉಣ್ಣಲೊಲ್ಲದ ಮಗುವಿಗೆ ಯಾರೂ ಒತ್ತಾಯ ಮಾಡಬಾರದು, ಉಣ್ಣುವ ಮಗುವನ್ನು ಯಾರೂ ತಡೆಯಬಾರದು. ನೋಡಲು ಇಷ್ಟವಿಲ್ಲದ ಮಗು ತರಗತಿಯಲ್ಲೇ ಕು‍ಳಿತಿರಲಿ. ಸಂಜೆಯ ಗಂಟೆ ಹೊಡೆದ ಮೇಲೆ ನೋಡುವ ಆಸೆಯಿರುವ ಮಕ್ಕಳಿಗಾಗಿ ಮೈದಾನ ಇನ್ನಷ್ಟು ಹೊತ್ತು ತೆರೆದಿರಲಿ, ವಿಜ್ಞಾನ ಶಿಕ್ಷಕರೊಬ್ಬರು ಅಲ್ಲಿರಲಿ.

ಕಣ್ಣಿನ ಭಯ ಸುಳ್ಳಲ್ಲ, ಅದನ್ನೂ ಸುತ್ತೋಲೆಯಲ್ಲೇ ಬರೆಯಿರಿ. ಗ್ರಹಣದ ಸೂರ್ಯನಲ್ಲಿ ಹೊಸ ವಿಷವೇನೂ ಇಲ್ಲ. ದಿನದ ಸೂರ್ಯನನ್ನು ನಾವು ದಿಟ್ಟಿಸುವುದಿಲ್ಲ, ಅವತ್ತು ದಿಟ್ಟಿಸುತ್ತೇವೆ, ಅದೇ ಅಪಾಯ. ಕಣ್ಣಿನ ಒಳಪದರಕ್ಕೆ ನೋವು ತಿಳಿಯುವುದಿಲ್ಲವಾದ್ದರಿಂದ ಸುಟ್ಟದ್ದು ಆಮೇಲೆಯೇ ಗೊತ್ತಾಗುವುದು. ಎಕ್ಸ್‌ರೇ ಫಿಲ್ಮು, ಮಸಿ ಹಿಡಿಸಿದ ಗಾಜು, ನೀರಿನ ಬೋಗುಣಿ ಯಾವುದೂ ಬೇಡ. ಮಾನ್ಯತೆ ಪಡೆದ ಗ್ರಹಣ ಕನ್ನಡಕ ಅಥವಾ 14ನೇ ನಂಬರಿನ ವೆಲ್ಡಿಂಗ್ ಗಾಜು ಆಗುತ್ತದೆ. ಅದಕ್ಕೂ ದುಡ್ಡಿಲ್ಲದ ಶಾಲೆಯಲ್ಲಿ ಬಿಸಿಯೂಟದ ಅಡುಗೆಮನೆಯಲ್ಲಿ ಬೂಂದಿ ಉದುರಿಸುವ ತೂತಿನ ಸೌಟು ಇದ್ದರೆ ತನ್ನಿ, ಇಲ್ಲವಾದರೆ ರಟ್ಟಿಗೆ ಸೂಜಿಯಿಂದ ಚುಚ್ಚಿ. ಸೂರ್ಯನಿಗೆ ಬೆನ್ನು ಮಾಡಿ ನಿಂತು ಅದನ್ನು ಬಿಸಿಲಿಗೆ ಹಿಡಿದರೆ ಒಂದೊಂದು ತೂತಿನಿಂದಲೂ ಒಂದೊಂದು ಗ್ರಹಣ ನೆಲಕ್ಕೆ ಉದುರುತ್ತದೆ.

ಆಗಸ್ಟ್ ಎರಡು ಎಂದರೆ ಆಷಾಢದ ಕೊನೆ. ನಮ್ಮ ಕರಾವಳಿಯಲ್ಲಿ ಅಂದು ಸೂರ್ಯ ಕಾಣುವ ಖಾತರಿ ಯಾವ ಪಂಚಾಂಗವೂ ಕೊಡಲಾರದು. ಮೋಡ ಕವಿದು ಏನೂ ಕಾಣದೆ ಮಕ್ಕಳು ಪೆಚ್ಚುಮೋರೆ ಹಾಕಿ ಮನೆಗೆ ಹೋದರೂ ಪರವಾಗಿಲ್ಲ. ಮೋಡದಿಂದ ಕಾಣಲಿಲ್ಲ ಎಂದು ಅವರು ಹೇಳಿಕೊಳ್ಳಲಿ. ಬಿಡಲಿಲ್ಲ, ಅದಕ್ಕೆ ಕಾಣಲಿಲ್ಲ ಎಂದು ನನ್ನ ಹಾಗೆ ನಲವತ್ತೇಳು ವರ್ಷ ಹೇಳಿಕೊಂಡು ತಿರುಗುವುದು ಬೇಡ.

ಬಿಂಬ ಬೀಳಿಸಲು ಒಂದು ಪರದೆ ಬೇಕಾಗುತ್ತದೆ. ಅಜ್ಜಿಯ ಮೊರ ನಮ್ಮ ಮನೆಯ ಅಟ್ಟದ ಮೇಲೆ ಇನ್ನೂ ಇದೆ. ಅಂಚಿನ ಬೆತ್ತ ಒಂದು ಕಡೆ ಬಿಚ್ಚಿದೆ, ಬೆನ್ನು ಗಟ್ಟಿಯಾಗಿದೆ. ಸುತ್ತೋಲೆ ಬಂದ ದಿನ ನಮ್ಮೂರ ಶಾಲೆಯ ಮುಖ್ಯೋಪಾಧ್ಯಾಯರಿಗೆ ಹೇಳಿ ಬರುತ್ತೇನೆ: ಸೌಟು ನಿಮ್ಮದು, ಮೊರ ನಾನು ತರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ವಿಜ್ಞಾನ ಶಿಕ್ಷಕ
ಅಂಕೋಲಾ ತಾಲ್ಲೂಕು, ಉತ್ತರ ಕನ್ನಡ